ಬೀದರದ ಬಯಲೂ ಕೃಷ್ಣಮೃಗವೂ

ಬೀದರ ಎಂದೊಡನೆ ಜನರಿಗೆ ನೆನಪಾಗುವುದು ಕೋಟೆ, ಮಹಮೂದ ಗಾವಾನನ ಮದರಸಾ, ಅಷ್ಟೂರಿನ ಗುಂಬಜಗಳು, ಬಿದರಿಯ ಕುಸುರಿ ಕೆಲಸ. ಇವೆಲ್ಲ ಕಲ್ಲಿನಲ್ಲಿಯೂ ಲೋಹದಲ್ಲಿಯೂ ಬರೆದಿಟ್ಟ ಚರಿತ್ರೆ. ಊರ ಬಾಗಿಲಿನಿಂದ ಹೊರಗಿರುವ ಬಯಲಿಗೂ ಒಂದು ಚರಿತ್ರೆಯುಂಟು; ಅದನ್ನು ಬರೆದವರು ವಿರಳ. ಮುಂಗಾರು ಹಿಡಿದು ಹೊಲದಲ್ಲಿ ಹೆಸರು, ಉದ್ದು ಎಲೆಯೊಡೆದ ದಿನಗಳಲ್ಲಿ ಬೀದರದಿಂದ ಔರಾದಕ್ಕೋ ಭಾಲ್ಕಿಗೋ ಬೆಳಗಿನ ಬಸ್ಸಿನಲ್ಲಿ ಹೋಗುವವರು ಅದೃಷ್ಟವಿದ್ದರೆ ಆ ಚರಿತ್ರೆಯ ಒಂದು ಜೀವಂತ ಪುಟವನ್ನು ಕಿಟಕಿಯಿಂದಲೇ ಕಾಣಬಹುದು. ಕಂದು ಮೈಯ ಹೆಣ್ಣುಗಳ ಒಂದು ಹಿಂಡು. ಅದರ ಅಂಚಿನಲ್ಲಿ ತಲೆಯೆತ್ತಿ ನಿಂತ ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿಯ ಬಳೆ, ತಿರುಪು ತಿರುಪಾಗಿ ಮೇಲೆದ್ದ ಎರಡು ಕೊಂಬು. ಇದೇ ಕೃಷ್ಣಮೃಗ.

ಈ ಮೃಗಕ್ಕಾಗಿ ಬೀದರ ಜಿಲ್ಲೆಯಲ್ಲಿ ಒಂದು ಸಂರಕ್ಷಣಾ ಮೀಸಲು ಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಜನರ ಬಾಯಲ್ಲಿಯೂ ಸರಕಾರದ ಮಟ್ಟದಲ್ಲಿಯೂ ಕೇಳಿಬಂದಿದೆ. ಸಂತೋಷದ ಸಂಗತಿಯೇ. ಆದರೆ ಮೀಸಲು ಎಂದರೆ ಏನನ್ನು ಮೀಸಲಿಡುವುದು? ಪ್ರಾಣಿಯನ್ನೋ, ಅದು ನಿಂತ ನೆಲವನ್ನೋ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಸೀಮೆಯ ಹಿಂದಿನ ಕಥೆಯಲ್ಲಿಯೇ ಹುಡುಕಬಹುದೆಂದು ನನ್ನ ಭಾವನೆ.

ಮೊದಲು ಹೆಸರಿನ ವಿಚಾರ. ಅಮರಕೋಶದಲ್ಲಿ ಕೃಷ್ಣಸಾರ, ಏಣ ಮೊದಲಾದ ಹೆಸರುಗಳಿವೆ. ಹಳಗನ್ನಡದಲ್ಲಿ ಎರಲೆ, ಪುಲ್ಲೆ. ನಡುಗನ್ನಡದ ಹೊತ್ತಿಗೆ ಪುಲ್ಲೆಯು ಹುಲ್ಲೆಯಾಯಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಚಿಗರಿ. ನಮ್ಮ ಗಡಿನಾಡಿನ ತರಗತಿಯಲ್ಲಿ ಚಿತ್ರ ತೋರಿಸಿ ಹೆಸರು ಕೇಳಿದರೆ ಒಬ್ಬ ಹುಡುಗ ಚಿಗರಿ ಎನ್ನುತ್ತಾನೆ, ಒಬ್ಬ ಕಾಳವೀಟ ಎನ್ನುತ್ತಾನೆ, ಮತ್ತೊಬ್ಬ ಹಿರನ್ ಎನ್ನುತ್ತಾನೆ. ಮೂವರಿಗೂ ಪೂರ್ತಿ ಅಂಕ ಕೊಡಬೇಕಾಗುತ್ತದೆ. ಹುಲ್ಲಿಗೂ ಹುಲ್ಲೆಗೂ ಇರುವ ಸಂಬಂಧವನ್ನು ಭಾಷಾಶಾಸ್ತ್ರಜ್ಞರು ನಿರ್ಣಯಿಸಲಿ. ಪ್ರಾಣಿಯ ಮಟ್ಟಿಗೆ ಹೇಳುವುದಾದರೆ ಆ ಸಂಬಂಧವು ಬಿಡಿಸಲಾಗದ್ದು. ಇದು ಕಾಡಿನ ಮೃಗವಲ್ಲ, ಬಯಲಿನ ಮೃಗ. ದೂರದವರೆಗೆ ಕಣ್ಣು ಹಾಯಬೇಕು, ಓಡಲು ತೆರಪು ಬೇಕು, ಮೇಯಲು ಗಿಡ್ಡ ಹುಲ್ಲು ಬೇಕು, ಹೊಸದಾಗಿ ಹುಟ್ಟಿದ ಮರಿಯನ್ನು ಮೊದಲ ಕೆಲವು ವಾರ ಬಚ್ಚಿಡಲು ಮೊಳಕಾಲೆತ್ತರದ ಹುಲ್ಲು ಬೇಕು. ದಟ್ಟವಾದ ಮರಗಳ ನಡುವೆ ಇದರ ಓಟವೂ ನಡೆಯದು, ನೋಟವೂ ನಡೆಯದು. ಮನುಸ್ಮೃತಿಯು ಕೃಷ್ಣಸಾರವು ಸಹಜವಾಗಿ ಸಂಚರಿಸುವ ನಾಡೇ ಯಜ್ಞಕ್ಕೆ ಯೋಗ್ಯವಾದ ನಾಡೆಂದು ಹೇಳುತ್ತದೆ. ಧರ್ಮಶಾಸ್ತ್ರದ ಅರ್ಥ ಏನೇ ಇರಲಿ, ಒಂದು ಪ್ರಾಣಿಯ ಹೆಸರಿನಿಂದ ಒಂದು ಭೂಭಾಗವನ್ನು ಗುರುತಿಸಿದ ದೃಷ್ಟಿಯನ್ನು ನಾವು ಗಮನಿಸಬೇಕು.

ಈಗಿನ ಬಸವಕಲ್ಯಾಣ ನಮ್ಮ ಜಿಲ್ಲೆಯದೇ. ಚಾಲುಕ್ಯರ ರಾಜಧಾನಿಯಾಗಿದ್ದ ಆ ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ಶಕ 1051ರಲ್ಲಿ, ಎಂದರೆ 1129ರ ಸುಮಾರಿನಲ್ಲಿ, ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅಭಿಲಷಿತಾರ್ಥ ಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ಅಡುಗೆಯಿಂದ ಆನೆಯವರೆಗೆ ಅರಸನಿಗೆ ಬೇಕಾದ ಸಮಸ್ತ ವಿಷಯವೂ ಅದರಲ್ಲಿದೆ. ಬೇಟೆಯ ಅಧ್ಯಾಯದಲ್ಲಿ ಜಿಂಕೆಯನ್ನು ಹಿಡಿಯುವ ಬಗೆಬಗೆಯ ಉಪಾಯಗಳನ್ನು ಹೇಳುತ್ತ, ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದನ್ನೂ, ಪಳಗಿಸಿದ ಚೀತಾವನ್ನು ಬಿಟ್ಟು ಬೇಟೆಯಾಡಿಸುವುದನ್ನೂ ಸೋಮೇಶ್ವರನು ವರ್ಣಿಸಿದ್ದಾನೆ. ಭಾರತದಲ್ಲಿ ಚೀತಾದಿಂದ ಬೇಟೆಯಾಡಿಸಿದ್ದಕ್ಕೆ ದೊರೆಯುವ ಮೊದಲ ಖಚಿತ ದಾಖಲೆ ಇದೇ ಎಂದು ಪ್ರಾಣಿಚರಿತ್ರೆಯನ್ನು ಶೋಧಿಸಿದವರು ಹೇಳುತ್ತಾರೆ. ಚೀತಾ ಎಂದರೆ ಚಿರತೆಯಲ್ಲ. ಕನ್ನಡದಲ್ಲಿ ಅದಕ್ಕೆ ಸಿವಂಗಿ ಎಂಬ ಬೇರೆ ಹೆಸರೇ ಇತ್ತು. ಪ್ರಾಣಿಯು ಮರೆಯಾದ ಮೇಲೆ ಪದವೂ ನಿಘಂಟಿಗೆ ಸೇರಿತು.

ಸಿವಂಗಿಯ ಬೇಟೆ ನಡೆಯಬೇಕಾದರೆ ಮೂರು ವಸ್ತುಗಳು ಕೂಡಬೇಕು: ಸಿವಂಗಿ, ಚಿಗರಿ, ಇವೆರಡೂ ಓಡಲು ಮೈಲುಗಟ್ಟಲೆ ಹುಲ್ಲಿನ ಬಯಲು. ಆದ್ದರಿಂದ ಹನ್ನೆರಡನೆಯ ಶತಮಾನದ ಕಲ್ಯಾಣದ ಪರಿಸರದಲ್ಲಿ ಇವು ಮೂರೂ ಅರಸನಿಗೆ ಎಟುಕುವಂತಿದ್ದವೆಂದು ಊಹಿಸುವುದು ತಪ್ಪಾಗಲಾರದು. ಸೋಮೇಶ್ವರನ ಗ್ರಂಥವು ಬೇಟೆಯ ಕೈಪಿಡಿ ನಿಜ. ನಮಗೆ ಮಾತ್ರ ಅದು ಕಳೆದುಹೋದ ಬಯಲಿನ ನಕ್ಷೆಯೂ ಹೌದು.

ಇಲ್ಲಿ ಒಂದು ಮಾತು ಸೇರಿಸಬೇಕು. ಸಿವಂಗಿಯನ್ನು ಪಳಗಿಸಬಹುದು, ಆದರೆ ಆ ಕಾಲದಲ್ಲಿ ಪಂಜರದಲ್ಲಿ ಅದು ಮರಿ ಹಾಕುವುದು ಬಹು ಅಪೂರ್ವವಾಗಿತ್ತು. ಅಕ್ಬರನು ಸಾವಿರ ಚೀತಾಗಳನ್ನು ಕೂಡಿಹಾಕಿ ಅವುಗಳ ಸಂತತಿಯನ್ನು ಪಡೆಯಲು ಬಯಸಿದರೂ ಆಗಲಿಲ್ಲವೆಂದು ಅವನ ಮಗ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ತನ್ನ ಕಾಲದಲ್ಲಿ ಒಂದು ಜೋಡಿ ಮರಿ ಹಾಕಿದ್ದನ್ನು ಸೋಜಿಗವೆಂದೇ ದಾಖಲಿಸಿದ್ದಾನೆ. ಎಂದರೆ ಅರಸರ ಮನೆಯಲ್ಲಿದ್ದ ಪ್ರತಿಯೊಂದು ಚೀತಾವೂ ಬಯಲಿನಿಂದಲೇ ಹಿಡಿದು ತಂದದ್ದು. ಶತಮಾನಗಳ ಕಾಲ ಹೀಗೆ ತೆಗೆಯುತ್ತಲೇ ಹೋದರು, ಮರಳಿ ತುಂಬಿದವರಿಲ್ಲ. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳು ಗುಂಡಿಗೆ ಬಿದ್ದವು. 1952ರಲ್ಲಿ ಚೀತಾ ಈ ದೇಶದಲ್ಲಿ ಅಳಿಯಿತೆಂದು ಸರಕಾರ ಸಾರಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕೂನೋದಲ್ಲಿ ಬಿಟ್ಟ ಸುದ್ದಿಯನ್ನು ಎಲ್ಲರೂ ಕೇಳಿದ್ದೀರಿ. ಓಟದಲ್ಲಿ ಅದಕ್ಕೆ ಎದುರಾಳಿಯಾಗಿದ್ದ ಚಿಗರಿಯು ಮಾತ್ರ, ಯಾವ ವಿಮಾನದ ಹಂಗೂ ಇಲ್ಲದೆ, ನಮ್ಮ ಹೊಲಗಳಲ್ಲಿ ಇನ್ನೂ ಉಳಿದಿದೆ.

1430ರ ಸುಮಾರಿಗೆ ಬಹಮನಿ ಸುಲ್ತಾನ ಅಹಮದ ಶಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಆ ಶತಮಾನದ ಕೊನೆಯ ಭಾಗದಲ್ಲಿ ಬೀದರವನ್ನು ಕಂಡ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಸುಲ್ತಾನನು ಸಪರಿವಾರನಾಗಿ ಊರ ಹೊರಗೆ ವಿಹಾರಕ್ಕೆ ಹೊರಡುವ ಆಡಂಬರವನ್ನು ಕಣ್ಣರಳಿಸಿ ಬರೆದಿದ್ದಾನೆ. ರಾತ್ರಿ ಬಂದು ಕೋಳಿಗಳನ್ನು ಹಿಡಿಯುವ, ಬಂಡೆಗಳ ನಡುವೆ ವಾಸಿಸುವ ಯಾವುದೋ ಪ್ರಾಣಿಯ ಸುದ್ದಿಯೂ ಅವನಲ್ಲಿದೆ. ಬಹಮನಿಗಳು ಹೋಗಿ ಬರೀದಶಾಹಿಗಳು, ಅವರ ನಂತರ ವಿಜಾಪುರದವರು, ಮೊಗಲರು, ಕೊನೆಗೆ ನಿಜಾಮರು. ರಾಜ್ಯಗಳು ಬದಲಾದರೂ ಊರ ಹೊರಗಿನ ಜಂಬಿಟ್ಟಿಗೆಯ ಬಯಲು ಬಹಳ ಕಾಲ ಬದಲಾಗಲಿಲ್ಲ. ನೇಗಿಲು ಇಳಿಯದ ಆ ಕೆಂಪು ತಟ್ಟಿನಲ್ಲಿ ಹುಲ್ಲು ಬೆಳೆಯುತ್ತಿತ್ತು. ಕೆಳಗಿನ ಎರೆಯ ನೆಲದಲ್ಲಿ ಜೋಳ, ಕಡಲೆ.

ನಿಜಾಮರ ಕಾಲದ ಹಳ್ಳಿಗಳಲ್ಲಿ ದನ ಮೇಯಲು ಬಿಟ್ಟ ಸಾರ್ವಜನಿಕ ನೆಲಕ್ಕೆ ಗಾಯರಾಣ ಎಂದು ಹೆಸರು. ಮೈಸೂರಿನ ಕಡೆಯವರು ಇದನ್ನೇ ಗೋಮಾಳ ಎನ್ನುತ್ತಾರೆ. ಈ ಗಾಯರಾಣಗಳ ಹುಲ್ಲಿನಿಂದಲೇ ನಮ್ಮ ಭಾಗದ ದೇವಣಿ ದನ ಬೆಳೆದು ಬಂದದ್ದು. ಆಗ ಬೀದರ ಜಿಲ್ಲೆಯ ಉದಗೀರ ತಾಲೂಕಿನಲ್ಲಿದ್ದ ದೇವಣಿ ಎಂಬ ಊರಿನಿಂದ ತಳಿಗೆ ಆ ಹೆಸರು ಬಂತು. ಗುಜರಾತಿನ ಗೀರ್, ಸಹ್ಯಾದ್ರಿಯ ಡಾಂಗಿ, ಇಲ್ಲಿಯ ನಾಟಿ ದನ ಇವು ತಲೆಮಾರುಗಳಲ್ಲಿ ಬೆರೆತು ರೂಪುಗೊಂಡ ತಳಿಯೆಂದು ಬಲ್ಲವರ ಅಭಿಪ್ರಾಯ. ಅಚ್ಚ ಬಿಳಿಯದು, ಮುಖದ ಮಗ್ಗುಲು ಮಾತ್ರ ಕಪ್ಪಾದದ್ದು, ಮೈಯೆಲ್ಲ ಕಪ್ಪು ಮಚ್ಚೆಯದು ಎಂದು ಮೂರು ಬಗೆ. ಹಾಲಿಗೂ ಸೈ, ನೊಗಕ್ಕೂ ಸೈ. ಭಾಲ್ಕಿ, ಔರಾದದ ರೈತರು ಎತ್ತಿನ ಜೋಡಿಯನ್ನು ಹೊಗಳುವಾಗ ಇಂದಿಗೂ ಮೊದಲು ಬರುವ ಹೆಸರು ಅದೇ. ದೇವಣಿಯ ದನವೂ ಚಿಗರಿಯೂ ಒಂದೇ ಹುಲ್ಲಿನ ಪಾಲುದಾರರು. ಒಂದರ ಕಥೆಯನ್ನು ಬಿಟ್ಟು ಇನ್ನೊಂದನ್ನು ಹೇಳುವುದು ಅಪೂರ್ಣವಾಗುತ್ತದೆ.

1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು; ಮರುವರ್ಷ ಜಹಗೀರುಗಳು ರದ್ದಾದವು. ರೈತನ ಪಾಲಿಗೆ ಇದು ಬಿಡುಗಡೆ. ಇದರಲ್ಲಿ ಎರಡು ಮಾತಿಲ್ಲ. ಚಿಗರಿಯ ಪಾಲಿಗೆ ಇದೇ ಕಾಲ ಕೆಟ್ಟ ಕಾಲವಾಯಿತು. ಎರಡನೆಯ ಮಹಾಯುದ್ಧದ ತರುವಾಯ ದೇಶದಲ್ಲೆಲ್ಲ ಜೀಪುಗಳು, ಬಂದೂಕುಗಳು ಸುಲಭವಾಗಿ ಕೈಗೆ ಸಿಕ್ಕವು. ರಾತ್ರಿ ಜೀಪಿನ ದೀಪದ ಬೆಳಕಿಗೆ ಕಣ್ಣು ಕೋರೈಸಿ ನಿಂತ ಹಿಂಡಿಗೆ ಹಿಂಡೇ ಬಿದ್ದ ವರ್ಷಗಳವು. ಅರಸರ ಬೇಟೆಗೆ ಒಂದು ಋತು, ಒಂದು ಕಟ್ಟಳೆಯಾದರೂ ಇತ್ತು. ಜೀಪಿನವರಿಗೆ ಅದೂ ಇರಲಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರಿಗೆ. ಉದಗೀರ, ಅಹಮದಪುರ, ನಿಲಂಗಾ ಮುಂಬಯಿಗೆ. ನಾರಾಯಣಖೇಡ, ಜಹೀರಾಬಾದಿನ ಕಡೆ ಆಂಧ್ರಕ್ಕೆ. ಒಂದೇ ಬಯಲು ಇಂದು ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಎಂಬ ಮೂರು ಅರಣ್ಯ ಇಲಾಖೆಗಳ ಕಾಗದದಲ್ಲಿ ಹರಿದು ಹಂಚಿದೆ. ಔರಾದದ ಚಿಗರಿಗೆ ಇದು ಯಾವುದೂ ತಿಳಿಯದು.

ಬಂದೂಕಿಗಿಂತ ನಿಧಾನವಾಗಿ, ಆದರೆ ಅದಕ್ಕಿಂತ ಆಳವಾಗಿ ಕೆಲಸ ಮಾಡಿದ್ದು ಇನ್ನೊಂದುಂಟು. ಹುಲ್ಲಿನ ಬಯಲನ್ನು ನಾವು ಬರಡು ನೆಲವೆಂದು ಕರೆದೆವು. ಕಂದಾಯದ ಲೆಕ್ಕದಲ್ಲಿ ಅದರಿಂದ ಉತ್ಪನ್ನವಿಲ್ಲ. ಅರಣ್ಯದ ಲೆಕ್ಕದಲ್ಲಿ ಅದರ ಮೇಲೆ ಮರವಿಲ್ಲ. ಆದ್ದರಿಂದ ಒಂದು ಕಡೆ ನೇಗಿಲು, ಅನಂತರ ಟ್ರಾಕ್ಟರು; ಇನ್ನೊಂದು ಕಡೆ ನೀಲಗಿರಿ, ಅಕೇಶಿಯಾ ಸಸಿಗಳು. ಉಳಿದಲ್ಲಿ ಬಳ್ಳಾರಿ ಜಾಲಿ ತಾನಾಗಿಯೇ ಹಬ್ಬಿತು. ಕರ್ನಾಟಕದಲ್ಲಿ ಕಾಡು ಅತಿ ಕಡಿಮೆಯಿರುವ ಜಿಲ್ಲೆಗಳಲ್ಲಿ ಬೀದರವೂ ಒಂದಾದ್ದರಿಂದ ಮರ ನೆಡುವ ಉತ್ಸಾಹ ಇಲ್ಲಿ ಸಹಜವೇ. ಮರ ನೆಡುವುದು ಪುಣ್ಯವೆಂದು ನಾವೇ ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಹುಲ್ಲಿನ ಮೇಲೆ ಮರ ನೆಟ್ಟರೆ ಹುಲ್ಲಿನ ಜೀವಿಗಳಿಗೆ ಅದು ಮನೆಯೊಳಗೆ ಗೋಡೆ ಕಟ್ಟಿದಂತೆ ಎಂಬ ಪಾಠ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಇದಕ್ಕೆ ರಾಣಿಬೆನ್ನೂರಿಗಿಂತ ಸ್ಪಷ್ಟವಾದ ಉದಾಹರಣೆ ಬೇರೆ ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಕೃಷ್ಣಮೃಗದ ಬೇಟೆ ಪೂರ್ತಿ ನಿಷಿದ್ಧವಾಯಿತು. 1974ರಲ್ಲಿ ರಾಣಿಬೆನ್ನೂರಿನ ಬಳಿ 119 ಚದರ ಕಿಲೋಮೀಟರು ನೆಲವನ್ನು ಅಭಯಾರಣ್ಯವೆಂದು ಸಾರಿದರು. ಅಲ್ಲಿ ಕಾಪಾಡಬೇಕಾಗಿದ್ದ ಜೀವಿಗಳು ಎರಡು: ಒಂದು ಕೃಷ್ಣಮೃಗ, ಇನ್ನೊಂದು ಆ ಕಡೆಯ ಜನ ಎರೆಭೂತವೆನ್ನುವ ದೊಡ್ಡ ಹಕ್ಕಿ. ಮೊಣಕಾಲಿಗಿಂತ ಬಹಳ ಎತ್ತರ, ಹದಿನೈದು ಕಿಲೋಗ್ರಾಮಿನವರೆಗೆ ತೂಗುವ, ನಡೆದಾಡುವ ಹಕ್ಕಿ ಅದು. ಬಯಲ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಅಭಯಾರಣ್ಯದ ಬಹುಭಾಗದಲ್ಲಿ ನೀಲಗಿರಿ ಎದ್ದಿತ್ತು. ಬಂದೂಕು ನಿಂತದ್ದರಿಂದ ಚಿಗರಿಗಳು ಮರಗಳ ನೆರಳನ್ನೇ ಹಗಲಿನ ಆಸರೆ ಮಾಡಿಕೊಂಡು, ರಾತ್ರಿ ಸುತ್ತಲಿನ ರೈತರ ಹೊಲಗಳಲ್ಲಿ ಮೇಯ್ದು ಸಾವಿರಾರಾದವು. ಬಯಲೇ ಬೇಕೆಂದು ಹಟ ಹಿಡಿದ ಎರೆಭೂತವು ಕಡಿಮೆಯಾಗುತ್ತ ಬಂದು ಅಲ್ಲಿಂದ ಮರೆಯಾಯಿತು. ಕಾಯಿದೆ ಒಂದೇ, ಕಾವಲುಗಾರ ಒಬ್ಬನೇ. ಒಂದು ಜೀವಿ ಉಳಿಯಿತು, ಒಂದು ಹೋಯಿತು. ಉಳಿದದ್ದರ ಹೊಟ್ಟೆ ತುಂಬಿಸಿದವನು ಸುತ್ತಲಿನ ರೈತ. ರಾಣಿಬೆನ್ನೂರನ್ನು ಕೃಷ್ಣಮೃಗದ ಲೆಕ್ಕದಿಂದ ಯಶಸ್ಸೆನ್ನುವವರು ಈ ಎರಡನೆಯ ಲೆಕ್ಕವನ್ನೂ ನೋಡಬೇಕೆಂದು ನಾನು ಹೇಳುತ್ತೇನೆ.

ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಇದೇ ಹಕ್ಕಿಗಾಗಿ ಧಾಮ ಮಾಡಿದಾಗ ರೈತರ ಸ್ವಂತ ಹಿಡುವಳಿಗಳೂ ಗೆರೆಯೊಳಗೆ ಬಿದ್ದವು. ಹೊಲ ಮಾರಲು ತೊಡಕು, ಹೆಚ್ಚಿದ ಚಿಗರಿಗಳಿಂದ ಬೆಳೆಗೆ ಕೇಡು. ಜನ ಧಾಮವನ್ನೇ ದ್ವೇಷಿಸಿದರು. 1990ರ ದಶಕದಲ್ಲಿ ಹಕ್ಕಿ ಕಾಣೆಯಾಯಿತು. ನಮಗೆ ಹತ್ತಿರದ ಸೊಲ್ಲಾಪುರದ ನಾನ್ನಜದಲ್ಲಿ ಬೇಲಿ ಹಾಕಿ ದನಗಳನ್ನು ತಡೆದ ತುಂಡು ನೆಲಗಳಲ್ಲಿ ಹುಲ್ಲು ಚೇತರಿಸಿಕೊಂಡು ಕೆಲಕಾಲ ಒಳ್ಳೆಯ ಫಲ ಕಂಡಿತು. ಆದರೆ 1979ರಲ್ಲಿ ಗುರುತಿಸಿದ ಧಾಮದ ವಿಸ್ತಾರ 8,496 ಚದರ ಕಿಲೋಮೀಟರು. ಊರು ಕೇರಿಗಳೆಲ್ಲ ಅದರೊಳಗೇ. ಇಷ್ಟು ದೊಡ್ಡ ಗೆರೆಯನ್ನು ನೆಲದ ಮೇಲೆ ಕಾಯುವುದು ಯಾರಿಂದಲೂ ಆಗದ ಕೆಲಸ. ಕೊನೆಗೆ ಅದನ್ನು ಬಹಳಷ್ಟು ಕುಗ್ಗಿಸಬೇಕಾಯಿತು. ಈಗ ದೇಶದಲ್ಲಿ ಎರೆಭೂತಗಳ ಸಂಖ್ಯೆ ನೂರೈವತ್ತಕ್ಕಿಂತ ಕಡಿಮೆಯೆಂದು ಅಂದಾಜು. 2019ರಿಂದ ರಾಜಸ್ಥಾನದ ಜೈಸಲ್ಮೇರಿನ ಬಳಿ ಬಯಲಿನಿಂದ ಮೊಟ್ಟೆಗಳನ್ನು ತಂದು, ಯಂತ್ರದ ಕಾವಿನಲ್ಲಿ ಮರಿ ಮಾಡಿ ಸಾಕುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು.

ಕೃಷ್ಣಮೃಗದ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ. ಅದು ಬೇಲಿಯೊಳಗೂ ಚೆನ್ನಾಗಿ ವೃದ್ಧಿಯಾಗುತ್ತದೆ. ಆರು ತಿಂಗಳ ಗರ್ಭ, ಸಾಮಾನ್ಯವಾಗಿ ಒಂದೇ ಮರಿ. 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನ ಹುಲ್ಲುಗಾವಲಿಗೆ ಒಯ್ದ ಚಿಗರಿಗಳ ಸಂತತಿಯು ಅಲ್ಲಿ ಸಾವಿರ ಸಾವಿರವಾಗಿ ಬೆಳೆಯಿತು. ಪಾಕಿಸ್ತಾನದಲ್ಲಿ ಈ ಪ್ರಾಣಿ ಪೂರ್ತಿ ಅಳಿದ ಮೇಲೆ, 1970ರ ಸುಮಾರಿಗೆ, ಟೆಕ್ಸಾಸಿನಿಂದಲೇ ಹತ್ತನ್ನು ತರಿಸಿ ಬಹಾವಲಪುರದ ಹತ್ತಿರ ಲಾಲ್ ಸುಹಾನ್ರಾದ ಬೇಲಿಯೊಳಗೆ ಸಾಕಿದರು. ಅವು ನೂರಾರಾದವು. ಸಿಂಧೂ ಬಯಲಿನ ಪ್ರಾಣಿಯು ಸಿಂಧೂ ಬಯಲಿಗೆ ಬರಲು ಅಮೆರಿಕದ ದಾರಿ ಹಿಡಿಯಬೇಕಾಯಿತು. ಮರಿ ಮಾಡಿಸುವುದು ಸುಲಭ. ಬೇಲಿಯ ಬಾಗಿಲು ತೆರೆದ ಮೇಲೆ ಎಲ್ಲಿಗೆ ಹೋಗಬೇಕೆಂಬುದು ಪ್ರಶ್ನೆ. ಪ್ರಪಂಚದ ಲೆಕ್ಕದಲ್ಲಿ ಕೃಷ್ಣಮೃಗವು ಇಂದು ಅಳಿವಿನ ಅಂಚಿನಲ್ಲಿಲ್ಲ. ಆದರೆ ಔರಾದದಲ್ಲಿ ಅಳಿದರೆ ಟೆಕ್ಸಾಸಿನ ಲೆಕ್ಕದಿಂದ ನಮಗೇನು?

ನೆಲವನ್ನು ಮೊದಲು ನೋಡಿದವರ ಉದಾಹರಣೆಯೂ ಉಂಟು. ಗುಜರಾತಿನ ಭಾವನಗರದ ಅರಸರು ಹುಲ್ಲಿಗಾಗಿಯೇ ಕಾಯ್ದಿಟ್ಟ ನೆಲ ವೇಳಾವದರ. 1976ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ 34 ಚದರ ಕಿಲೋಮೀಟರು ಮಾತ್ರ. ಅಲ್ಲಿ ನುಗ್ಗಿ ಬಂದ ಜಾಲಿಯನ್ನು ಬೇರುಸಹಿತ ಕೀಳಿಸಿ ಹುಲ್ಲಿಗೆ ಜಾಗ ಬಿಡಿಸಿದರು. ಈಗ ಚಿಗರಿಯ ಜೊತೆಗೆ ತೋಳವೂ ಇದೆ, ಚಳಿಗಾಲದಲ್ಲಿ ದೂರ ದೇಶದ ಗಿಡುಗಗಳೂ ಬಂದು ಹುಲ್ಲಿನಲ್ಲಿ ರಾತ್ರಿ ತಂಗುತ್ತವೆ.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಹಳೆಯ ಮಾದರಿಯಿದೆ: ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆಯಿತು. ಬೇಸಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗೆ ಒಂದು ಎಂದು ದನಗಳನ್ನು ಸರದಿಯಿಂದ ಮೇಯಿಸುತ್ತಿದ್ದರು. ಹುಲ್ಲಿಗೆ ಉಸಿರಾಡಲು ಬಿಡುವು ಸಿಗುತ್ತಿತ್ತು. ದನ ಮೇಯ್ದ ನೆಲದಲ್ಲಿಯೇ ಚಿಗರಿಯೂ ಉಳಿಯಿತು. ಕಡೂರು ತಾಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲೆಂದು ಸಾರಿದ್ದು ಇಂಥ ಹಳೆಯ ವ್ಯವಸ್ಥೆಯ ಬೆನ್ನ ಮೇಲೆಯೇ. ಅದಕ್ಕೂ ಮೊದಲು, 2007ರಲ್ಲಿ, ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಮೀಸಲು ಆಗಿತ್ತು.

ಬೀದರಕ್ಕೆ ಮೀಸಲು ಬರುವುದಾದರೆ ಅದರ ಮೊದಲ ಕೆಲಸವು ಸಸಿ ನೆಡುವುದಾಗಬಾರದು. ಜಾಲಿಯನ್ನು ಬೇರಿನಿಂದ ಕೀಳಬೇಕು; ಗಾಯರಾಣಗಳಲ್ಲಿ ಒತ್ತುವರಿಯಾಗದೆ ಉಳಿದದ್ದನ್ನು ಅಳೆದು ಗುರುತಿಸಬೇಕು; ಇಲ್ಲಿಯದೇ ಹುಲ್ಲಿನ ಬೀಜ ಉದುರಿ ಮೊಳೆಯುವವರೆಗೆ ಒಂದೆರಡು ಮಳೆಗಾಲ ಮೇವನ್ನು ತಡೆಯಬೇಕು. ಅನಂತರ ದನಗಳನ್ನು ಸರದಿಯಿಂದ ಬಿಡಬೇಕು. ದನವನ್ನು ಶಾಶ್ವತವಾಗಿ ಹೊರಗಿಟ್ಟರೆ ಹುಲ್ಲು ಬೆಳೆದು ಒರಟಾಗಿ ಚಿಗರಿಗೂ ಬೇಡವಾಗುತ್ತದೆ, ದನಗಾರನೂ ವೈರಿಯಾಗುತ್ತಾನೆ. ಬೀದರದಲ್ಲಿ 2004ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ವಿಶ್ವವಿದ್ಯಾಲಯವು ತನ್ನ ಕ್ಷೇತ್ರದಲ್ಲಿ ದೇವಣಿ ತಳಿಯನ್ನು ಕಾಯ್ದುಕೊಂಡು ಬರುತ್ತಿದೆ. ಒಂದೇ ಹುಲ್ಲಿನ ಮೇಲೆ ಈ ಎರಡು ಕೆಲಸಗಳೂ ಏಕೆ ನಡೆಯಬಾರದು? ದಾರಿಬದಿಯ ತೆರೆದ ಬಾವಿಗಳಿಗೆ ಕಟ್ಟೆ ಕಟ್ಟಿಸುವುದು, ಮರಿಗಳನ್ನು ಹಿಡಿಯುವ ಬೀದಿನಾಯಿಗಳ ಹಾವಳಿಯನ್ನು ತಡೆಯುವುದು ಇವು ಸಣ್ಣ ಖರ್ಚಿನ ಕೆಲಸಗಳು, ಫಲ ಸಣ್ಣದಲ್ಲ.

ಇನ್ನು ರೈತನ ಮಾತು. ಹಿಂಗಾರಿಯ ಕಡಲೆ ನಾಲ್ಕು ಎಲೆ ಬಿಟ್ಟಾಗ ಹಿಂಡು ಇಳಿದರೆ ಒಂದು ರಾತ್ರಿಯಲ್ಲಿ ಎಕರೆ ಎಕರೆ ಬೋಳಾಗುತ್ತದೆ. ಹಿಂದೆ ಅಟ್ಟಣಿಗೆ ಕಟ್ಟಿ, ಕವಣೆ ಹಿಡಿದು ರಾತ್ರಿಯೆಲ್ಲ ಕೂಗುತ್ತಿದ್ದರು. ಈಗ ಕೂಗಲು ಮನೆಯಲ್ಲಿ ಗಂಡುಮಕ್ಕಳಿಲ್ಲ; ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿರುತ್ತಾರೆ. ಅರಣ್ಯ ಇಲಾಖೆಯಿಂದ ಪರಿಹಾರವುಂಟು; ಅದಕ್ಕೆ ಅರ್ಜಿ, ಪಹಣಿ, ಪಂಚನಾಮೆ, ಬ್ಯಾಂಕಿನ ಪುಸ್ತಕ ಎಲ್ಲ ಬೇಕು. ಸಂರಕ್ಷಣಾ ಮೀಸಲೆಂಬ ವರ್ಗವನ್ನು ವನ್ಯಜೀವಿ ಕಾಯಿದೆಗೆ ಸೇರಿಸಿದ್ದು 2002ರ ತಿದ್ದುಪಡಿ. ಅಭಯಾರಣ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಾರ್ಹ: ಇದು ಸರಕಾರದ ನೆಲದ ಮೇಲೆಯೇ ಆಗಬೇಕು, ಸ್ಥಳೀಯ ಜನರೊಡನೆ ಸಮಾಲೋಚಿಸಿದ ಮೇಲೆಯೇ ಆಗಬೇಕು. ಅದರ ಆಡಳಿತ ಸಮಿತಿಯಲ್ಲಿ ಆ ನೆಲ ಸೇರಿದ ಪ್ರತಿಯೊಂದು ಗ್ರಾಮ ಪಂಚಾಯತಿಯ ಪ್ರತಿನಿಧಿಗೂ, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರಿಗೂ ಸ್ಥಾನವುಂಟು. ಔರಾದದಲ್ಲೋ ಭಾಲ್ಕಿಯಲ್ಲೋ ಅಂಥ ಸಮಿತಿಯ ಮೊದಲ ಸಭೆ ಕೂಡಿದ ದಿನ ಪಂಚಾಯತಿಯ ಸದಸ್ಯನು ಸೋಮೇಶ್ವರನ ಗ್ರಂಥದ ಸುದ್ದಿ ಕೇಳುವುದಿಲ್ಲ. ಕಡಲೆಯ ಸುದ್ದಿಯನ್ನೇ ಕೇಳುತ್ತಾನೆ. ಅದಕ್ಕೆ ಉತ್ತರವನ್ನು ಬರೆದುಕೊಂಡೇ ಅಧಿಕಾರಿಗಳು ಸಭೆಗೆ ಬರಲಿ.